ವಿಷಯ: ಕಲೆಕ್ಟರ್ ಸಾವಿನ ಕುರಿತು

ಯಾರಿಗೆ ಬರೀಲಿ, ಅಂದೆ.
ಕಲೆಕ್ಟರಿಗೆ, ಅಂದಳು.
ಸತ್ತವರ ಹೆಸರು?
ಕಲೆಕ್ಟರ್, ಅಂದಳು.

ಹಾಸನದ ಡೀಸಿ ಆಫೀಸಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷ ಟೈಪು ಕುಟ್ಟಿದ್ದೇನೆ ನಾನು;
ಸಿಟ್ಟಲ್ಲಿ ಬಂದವರಿಗೂ, ಕುಡಿದು ಬಂದವರಿಗೂ,
ಅಣ್ಣನ ಹೆಬ್ಬೆಟ್ಟು ತಾವೇ ಒತ್ತಿಕೊಂಡು ಬಂದವರಿಗೂ
ಮುಖ ನೋಡದೆ ಬರೆದುಕೊಟ್ಟಿದ್ದೇನೆ.
ಸರಿಯಾಗಿ ಹೇಳವ್ವಾ, ಅಂದೆ. ಹಿಂದೆ ಜನ ನಿಂತವ್ರೆ.

ಆವತ್ತು ಜೀಪು ಬಂದಿತ್ತು ನಮ್ ಕಾಲೋನಿಗೆ, ಅಂದಳು ಸಕ್ಕುಬಾಯಿ,
ಕಲೆಕ್ಟರು ಇಳಿದು ಹಕ್ಕುಪತ್ರ ಕೊಡ್ತೀನಿ ಅಂದ್ರು,
ಅದೇ ಹೊತ್ತಿಗೆ ಇವನು ನೆಲಕ್ಕೆ ಬಿದ್ದ.
ಪತ್ರ ಬರಲಿಲ್ಲ. ಹೆಸರು ಉಳೀತು.

ಹೇಮಾವತಿ ಪ್ರತಿಮೆಯ ಕಡೆಯಿಂದ ಆಗ ಬಂತು ಮೆರವಣಿಗೆ,
ಹೇರ್‌ಪಿನ್ನು, ಪ್ಲಾಸ್ಟಿಕ್ ಹೂವು, ಕೂದಲೆಣ್ಣೆ ಮಾರುವ ಕೈಗಳು
ಇವತ್ತು ಬರೀ ಒಂದೊಂದು ಫೋಟೋ ಹಿಡಿದು.
ಕಲೆಕ್ಟರಿಗೆ ನ್ಯಾಯ ಕೊಡಿ!
ಕಲೆಕ್ಟರನ್ನು ಕೊಂದವರ ಹೆಸರು ಹೇಳಿ!
ಅರಸೀಕೆರೆ ಬಸ್ಸಿನ ಕಿಟಕಿಗಳು ನಕ್ಕವು.
ಮೇಲಿನ ಮಹಡಿಯಲ್ಲಿ ಯಾರೋ ಪರದೆ ಎಳೆದರು.
ಘೋಷಣೆ ಕನ್ನಡದಲ್ಲಿತ್ತು. ಅಳು ಮಾತ್ರ ವಾಗ್ರಿಯಲ್ಲಿ.
ಅದಕ್ಕೆ ನನ್ನ ಯಂತ್ರದಲ್ಲಿ ಕೀಲಿ ಇಲ್ಲ.

ಹುಲಿಯುಗುರು ಮಾರುತ್ತಾನೆಂದು ಹಿಡಿದರು,
ಸಂತೆಯಲ್ಲಿ, ಮಂಗಳವಾರ.
ಉಗುರು ಎಮ್ಮೆ ಕೊಂಬಿನದು. ಕೊಳ್ಳುವವರಿಗೂ ಗೊತ್ತು,
ಹಿಡಿದವರಿಗೂ ಗೊತ್ತು,
ಮಗುವಿನ ಕೊರಳಿಗೆ ಕಟ್ಟುವ ಹೊತ್ತಿಗೆ ಮಾತ್ರ ಎಲ್ಲರೂ ಮರೆಯುತ್ತಾರೆ.
ಮೂರು ರಾತ್ರಿ.
ನಾಲ್ಕನೆಯ ದಿನ ಹಿಮ್ಸ್ ಶವಾಗಾರದಲ್ಲಿ
ಒಂದು ಚೀಟಿ: ಅನಾರೋಗ್ಯದಿಂದ.

ನಾನು ರೂಢಿಯಂತೆ ಕುಟ್ಟಿದೆ:
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ
— ಆ ಮಾತು ಬೇಡ. ಉಗುರಿನ ವಿಷಯ ಬರಿ, ಅಂದಳು.
ಯಾವ ಉಗುರು? ಸಾಕ್ಷಿಗೆ ಇಟ್ಟಿದ್ದಾರಲ್ಲ, ಆ
— ಅವನದು. ಕೈಯಿಂದು.
ಮೊದಲನೆ ಉಗುರು ನಾನೇ ಹಲ್ಲಲ್ಲಿ ಕಚ್ಚಿ ತೆಗೆದಿದ್ದೆ,
ಕತ್ತರಿ ತಾಗೀತು ಅಂತ. ಎಳೇದು, ಈರುಳ್ಳಿ ಸಿಪ್ಪೆಯಂಗೆ.
ಹತ್ತಿದ್ದವು. ನೀನು ಬರಿ. ಈಗ ನಾಲ್ಕು.

ನಾಲ್ಕು ಅಂಕಿಯಲ್ಲಿ ಹಾಕಲೋ ಅಕ್ಷರದಲ್ಲೋ
ಎಂದು ಕೇಳಿದೆ. ದೇವರಾಣೆ, ಅದನ್ನೇ ಕೇಳಿದೆ.
ಎರಡರಲ್ಲೂ, ಅಂದಳು. ಚೆಕ್ಕಿನಲ್ಲಿ ಬರೆಯೋ ಹಂಗೆ.
ಆಮೇಲೆ ಯಾರೂ ತಿದ್ದಬಾರದು.

ಪುಟಕ್ಕೆ ನಲವತ್ತು ರೂಪಾಯಿ.
ಬೇಡವೆಂದೆ ಎಂದು ಹೇಳಿಕೊಳ್ಳಲು ಆಸೆ. ತಗೊಂಡೆ.
ಅವಳೂ ಬಿಡಲಿಲ್ಲ:
ಪುಕ್ಕಟೆ ಬರೆದದ್ದು ಪುಕ್ಕಟೆ ಹೋಗ್ತದೆ.

ಟಪಾಲು ಗುಮಾಸ್ತ ವಿಷಯ ಓದಿ ನಕ್ಕು, ಮತ್ತೆ ಓದಿ,
ಮೊಹರು ಉಲ್ಟಾ ಒತ್ತಿದನಂತೆ.
ಬಿಸಿಲು ಇಳಿಯುವವರೆಗೆ ಡಾಂಬರಿನ ಮೇಲೆ ಕೂತಿದ್ದರು ಅವರು.
ಮಕ್ಕಳು ಬ್ಯಾರಿಕೇಡಿಗೆ ಜೋತುಬಿದ್ದು ಉಯ್ಯಾಲೆಯಾಡಿದವು.

ಕತ್ತಲಾಗುವ ಮುಂಚೆ, ಬ್ಯಾರಿಕೇಡಿನ ಆಚೆಯಿಂದ
ಒಬ್ಬ ಹುಡುಗ, ಖಾಕಿ, ಮೀಸೆ ಇನ್ನೂ ಮೂಡುತ್ತಿದೆ,
ಟೋಪಿ ಕಂಕುಳಲ್ಲಿಟ್ಟು ಅದೇ ಸ್ಟೂಲಿನ ಮೇಲೆ ಕೂತ.
ವರ್ಗಾವಣೆಗೆ ಒಂದು ಅರ್ಜಿ. ಎಲ್ಲಿಗಾದರೂ.
ಕಾರಣ ಏನಂತ ಹಾಕಲಿ, ಅಂದೆ.
ತುಂಬ ಹೊತ್ತು ರಸ್ತೆ ನೋಡಿದ.
ಅನಾರೋಗ್ಯ, ಅಂದ.

ಬೆರಳು ಎತ್ತಿದೆ.
ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿ ಕುಟ್ಟಿದ 'ಅ'
ಎಲ್ಲಿತ್ತೆಂದು
ಹುಡುಕಬೇಕಾಯಿತು.