ಇನ್ನೂರು

ಮೊಂಬಾಸಾದಲ್ಲಿ ರಾತ್ರಿ ಎರಡೂಕಾಲು.
ಕೆಂಪು ಸಮುದ್ರದ ತಳದಲ್ಲೆಲ್ಲೋ ಕೇಬಲ್ಲೊಂದು ಹರಿಯಿತು,
ಯಾವುದೋ ಹಡಗಿನ ಲಂಗರು ಇರಬೇಕು.
ಮ್ವಾನಕೊಂಬೊ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ
ರೂಟರ್ ಸತ್ತ ದಾರಿಗಳನ್ನೆಲ್ಲ ಹೊಡೆದುಹಾಕಿ
ಉಳಿದವನ್ನು ತೂಗಲು ಕೂತಿತ್ತು.
ಅದಕ್ಕೆ ಸೂತಕವಿಲ್ಲ.

ಅದು ಒಂದು ದಾರಿಯನ್ನೂ ಕಣ್ಣಾರೆ ಕಂಡದ್ದಿಲ್ಲ.
ನನ್ನ ಮೂಲಕ ಹೋದರೆ ಮಾರ್ಸೇ ಸಿಗುತ್ತದೆ,
ಅನ್ನುತ್ತದೆ ಪಕ್ಕದ ರೂಟರ್.
ಅದಕ್ಕೆ ಅದರ ನೆರೆಮನೆ ಹೇಳಿದ್ದು, ಅದಕ್ಕೆ ಇನ್ನೊಂದು.
ಎಲ್ಲ ಕೇಳಿದ ಮಾತೇ.
ಊರಿನ ಹೆಸರು ಹೇಳಿದವನಿಗಿಂತ ಓಣಿ ಹೇಳಿದವನನ್ನು,
ಓಣಿಗಿಂತ ಬಾಗಿಲ ಸಂಖ್ಯೆ ಹೇಳಿದವನನ್ನು ನಂಬುತ್ತದೆ,
ಸುಳ್ಳನಾದರೂ.
ಇಬ್ಬರೂ ಒಂದೇ ಬಾಗಿಲು ತೋರಿಸಿದರೆ
ನಡುವೆ ಎಷ್ಟು ಕೈ ದಾಟಬೇಕೆಂದು ಎಣಿಸುತ್ತದೆ.
ಮೈಲಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ;
ಕೇಪ್‌ಟೌನ್ ಸುತ್ತಿಬಂದರೂ ಮೂರೇ ಕೈಯಾದರೆ
ಅದೇ ಹತ್ತಿರ.
ಅದೂ ಸಮ, ಎಲ್ಲವೂ ಸಮ ಎಂದಾದರೆ
ಹಳೆಯ ಪರಿಚಯಕ್ಕೆ ಮಣೆ.

ಕೈ ಎಣಿಸುವುದಕ್ಕೂ ಮೊದಲು ನೋಡುವ ಅಂಕಿಯೊಂದಿದೆ.
ಯಂತ್ರ ಅದನ್ನು ಹೆರಲಾರದು,
ಮನುಷ್ಯನೇ ಕೂತು ಬರೆಯಬೇಕು:
ನನಗೆ ಇದು ಬೇಕು, ಎಂಬ ಅಂಕಿ.
ಯಾರೂ ಏನೂ ಬರೆಯದಿದ್ದರೆ ನೂರು.

ಮೂರೂವರೆಗೆ ಅವಳ ಕಣ್ಣಿಗೆ ಬಿತ್ತು,
ಕಿಸುಮುವಿನ ಪುಟ್ಟ ಕಂಪನಿಯೊಂದನ್ನು ಮುಟ್ಟಲು
ಐದು ಕೈಯ ಸುತ್ತುದಾರಿ. ಅದಕ್ಕೆ ಇನ್ನೂರು.
ಎರಡೇ ಕೈಯ ನೇರದಾರಿ ಪಕ್ಕದಲ್ಲಿ
ತನ್ನ ನೂರು ಹಿಡಿದು ಸುಮ್ಮನೆ ಕೂತಿದೆ.
ಬರೆದವನು ಶೆಬ್ವಾನಾ, ಹನ್ನೊಂದು ವರ್ಷದ ಹಿಂದೆ.
ಕಾರಣ ಬರೆಯುವ ಜಾಗ ಖಾಲಿ.
ಕೇಳೋಣವೆಂದರೆ
ಶೆಬ್ವಾನಾ ಹೋದ ಕಡೆಯಿಂದ ಸುದ್ದಿ ತರುವ
ನೆರೆಹೊರೆ ಯಾರಿಗೂ ಇಲ್ಲ.

ಅಳಿಸಲು ಬೆರಳಿಟ್ಟಳು.
ತೀರಿಸದ ಸಾಲವಿತ್ತೋ,
ನೇರದಾರಿ ಒಮ್ಮೆ ನಡುರಾತ್ರಿ ಕೈಕೊಟ್ಟಿತ್ತೋ,
ಆ ಐವರಲ್ಲಿ ಒಬ್ಬರ ದನಿ
ಫೋನಿನಲ್ಲಿ ಕೇಳಲು ಚೆನ್ನಾಗಿತ್ತೋ.
ಬೆರಳು ತೆಗೆದಳು.
ಕಾಫಿ ಆರಿಹೋಗಿತ್ತು, ಕುಡಿದಳು.

ಪಾಳಿ ಮುಗಿದಾಗ ಬಿಸಿಲು.
ಹೊಸ ಬೈಪಾಸಿನ ಬಸ್ಸು ಖಾಲಿಯೇ ಹೊರಟಿತು,
ಅವಳ ಮನೆಯ ಕಡೆಗೇ.
ಅವಳು ಲಿಕೋನಿ ಫೆರಿಯ ಸಾಲಿನಲ್ಲಿ,
ಮೀನುಬುಟ್ಟಿ, ಸೈಕಲ್ಲು, ಸಮವಸ್ತ್ರದ ಮಕ್ಕಳ ನಡುವೆ
ಮುಕ್ಕಾಲು ಗಂಟೆ ನಿಂತಳು.
ಯಾಕೆಂದು
ಎಲ್ಲೂ ಬರೆದಿಟ್ಟಿಲ್ಲ.