ಮಾರು

ನನ್ನ ತೋಳು ಗಿಡ್ಡ.
ಅಪ್ಪನಿಗೆ ಅದೇ ಖುಷಿ.
ಹಗ್ಗದಂಗಡಿಗೆ ಹೇಳಿ ಮಾಡಿಸಿದ ಹುಡುಗ, ಅನ್ನುತ್ತಿದ್ದ
ತರಗುಪೇಟೆಯ ಗಲ್ಲೆಯ ಮುಂದೆ ಕೂತು.
ಮಾರು ಹಾಕು, ಮಾರು. ಅಷ್ಟೇ ಕಲಿಸಿದ ವಿದ್ಯೆ.
ದೇವರು ಕೊಟ್ಟ ಅಳತೆ ಇದು,
ಸರ್ಕಾರದ ಮುದ್ರೆ ಬೇಕಿಲ್ಲ.

ಕೋಲಾರದ ಕಡೆ ನೆಲ ಬಾಯಿಬಿಟ್ಟ ವರ್ಷ
ಪೇಟೆಗೆ ಪೇಟೆಯೇ ಮಂಪರಿನಲ್ಲಿ ಎದ್ದು ನಡೆಯಿತು.
ಒಬ್ಬ ಮಗ್ಗ ಮಾರಿದ, ಒಬ್ಬ ಜಟಕಾ ಕುದುರೆ,
ದಂಡಿನ ಬಟ್ಲರನೊಬ್ಬ ದೊರೆಯ ಬೂಟು ಕದ್ದು ರೈಲು ಹತ್ತಿದ.
ನಾನು ಹೋಗಲಿಲ್ಲ.
ಹೋಗುವವರಿಗೆಲ್ಲ ಹಗ್ಗ ಬೇಕು,
ಪಿಕಾಸಿ ಬೇಕು, ಮೇಣದ ಬತ್ತಿ, ತಗಡಿನ ಬುಡ್ಡಿ ಬೇಕು.
ಒಣಮೀನೊಂದು ಇಡಲಿಲ್ಲ, ಅಮ್ಮ ಬಿಡಲಿಲ್ಲ.

ಚಿನ್ನವೇ?
ನಾನು ಕಂಡದ್ದು ಹೆಂಡತಿಯ ಮೂಗುಬೊಟ್ಟಿನಷ್ಟು,
ಅದೂ ನಗರ್ತಪೇಟೆಯಲ್ಲಿ ಕೊಂಡದ್ದು.
ಅಲ್ಲಿ ತೆಗೆದದ್ದು ಹಡಗು ಹತ್ತಿತಂತೆ.

ಏಳುಮಲೈ ಬಂದದ್ದು ದೀಪ ಹಚ್ಚುವ ಹೊತ್ತಿಗೆ.
ಆರ್ಕಾಟಿನ ಕಡೆಯವನು. ಬಾವಿ ತೋಡಿ ಗೊತ್ತು, ಅಂದ.
ನಲವತ್ತು ಮಾರು, ಅರ್ಧ ಕಡ.
ದೀಪ ಹಚ್ಚಿದ ಮೇಲೆ ಕಡ ಕೊಡಬಾರದು. ಕೊಟ್ಟೆ.
ಲಾಭ, ಎರಡು, ಮೂರು, ಎಂದು ಅಳೆದೆ.
ಒಂದು ಎನ್ನುವುದಿಲ್ಲ ನಾವು.
ಏಳು ಎಂದಾಗ
‘ಕರೆದೆಯಾ ಶೆಟ್ಟಿ?’ ಎಂದು ನಕ್ಕ.

ಮುಂದಿನ ಯುಗಾದಿ ಕಳೆದು ಅವನ ಹೆಂಡತಿ ಬಂದಳು,
ತಲೆಯ ಮೇಲೆ ಅದೇ ಹಗ್ಗದ ಸುರುಳಿ.
ಇಳಿಸಿದಳು. ಸೆರಗು ಸಿಕ್ಕಿಸಿದಳು.
ಬೀದಿಯಲ್ಲೇ ನಿಂತು ಅಳೆಯತೊಡಗಿದಳು,
ಒಣ್ಣು, ರೆಂಡು,
ನೀಳ ತೋಳು, ನೀರು ಸೇದಿ ಸೇದಿ ಇಳಿಬಿದ್ದ ತೋಳು.
ಮೂವತ್ತಾರಕ್ಕೆ ತುದಿ ಬಂತು.
ಅವಳು ನಿಲ್ಲಿಸಲಿಲ್ಲ.
ಬರಿಗೈ ಚಾಚಿ ಮೂವತ್ತೇಳು, ಅಂದಳು.
ಬರಿಗೈ ಚಾಚಿ ಮೂವತ್ತೆಂಟು.
ಎದುರಿನ ಬೆಲ್ಲದಂಗಡಿಯವನು
ತಕ್ಕಡಿ ಹಿಡಿದುಕೊಂಡೇ ನಿಂತ,
ನಲವತ್ತು ಆಗುವ ತನಕ.

ಹಗ್ಗ ಹರಿಯಿತೋ, ಸಾಲದೆ ಹೋಯಿತೋ
ಅವಳು ಹೇಳಲಿಲ್ಲ.
ನಾನು ಕೇಳಲಿಲ್ಲ.
ಸೊಂಟದ ಗಂಟು ಬಿಚ್ಚಿ ಕಡದ ದುಡ್ಡು
ಒಂದೊಂದೇ ಕಾಸು ಎಣಿಸಿಟ್ಟಳು,
ನಾಲ್ಕು ಮಾರಿನ ದುಡ್ಡೂ ಸೇರಿಸಿ.
ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ
ಸುರುಳಿ ಹೊತ್ತು ಸುಲ್ತಾನಪೇಟೆಯ ತಿರುವು ದಾಟಿದ್ದಳು.
ಖಾತೆಯಲ್ಲಿ ಚುಕ್ತಾ ಎಂದು ಬರೆದೆ.
ಬರೆಯದೆ ಏನು ಮಾಡಲಿ, ಚುಕ್ತಾ ಆಗಿತ್ತು.

ಈಗಲೂ ಅಳೆಯುತ್ತೇನೆ.
ರಟ್ಟೆಯ ಕೀಲು ಕಳಚುವಂತೆ ಚಾಚುತ್ತೇನೆ,
ಬೆರಳ ತುದಿಯವರೆಗೆ, ಉಗುರಿನವರೆಗೆ.
ಗಿರಾಕಿಗಳು ತಮ್ಮ ತಮ್ಮಲ್ಲೇ ಅನ್ನುತ್ತಾರೆ,
ವಯಸ್ಸಾಯಿತು ಶೆಟ್ಟರಿಗೆ,
ಹಗಲೆಲ್ಲ ಮೈ ಮುರಿಯುತ್ತಾರೆ.