ತೊಂಬತ್ತೊಂದನೆಯ ಪ್ರಶ್ನೆ

ಡುಲೂತ್ ಊರಿನ ಇಳಿಜಾರು ಬೀದಿ,
ದಂತವೈದ್ಯನ ಮೇಲಿನ ಮಹಡಿಯಲ್ಲಿ ನನ್ನ ಕೋಣೆ.
ಎರಡು ಕುರ್ಚಿ, ಒಂದು ಹೀಟರು,
ಬಾಗಿಲ ಮೇಲೆ ಹೆಸರು: ವೆಂಡೆಲ್ ಆಹೋ.
ನನ್ನದು ಜೋಡಿಸುವ ಕಸುಬು. ಗಂಡಿಗೆ ಹೆಣ್ಣನ್ನಲ್ಲ,
ಮನುಷ್ಯರಿಗೆ ಅಂಗಡಿಗಳನ್ನು.

ನಲವತ್ತು ದಾಟಿದವರು ಬರುತ್ತಾರೆ,
ಕೊನೆಯ ಸಂಬಳದ ಚೀಟಿ ಇನ್ನೂ ಜೇಬಿನಲ್ಲೇ,
‘ಇನ್ನು ಯಾರ ಕೈಕೆಳಗೂ ದುಡಿಯೆ’ ಎನ್ನುತ್ತಾ.
ಕಾಗದ ಮುಂದಿಡುತ್ತೇನೆ. ತೊಂಬತ್ತು ಪ್ರಶ್ನೆ.
ನಿಯಮವೆಂದರೆ ನಿಮಗೆ ಬೇಲಿಯೋ, ಊರುಗೋಲೋ?
ಗುರುತಿಲ್ಲದವರ ಮಾತು ಎಷ್ಟು ಹೊತ್ತು ಹಿಡಿಸುತ್ತದೆ?
ಸಾಲ ತಂದ ರಾತ್ರಿ ನಿದ್ದೆ ಹತ್ತುತ್ತದೆಯೇ?
ಅಂಕ ಕೂಡಿಸಿ ಹೇಳುತ್ತೇನೆ:
ನಿಮಗೆ ಸ್ಯಾಂಡ್‌ವಿಚ್. ನಿಮಗೆ ಕಾರ್ಪೆಟ್ ತೊಳೆಯುವುದು.
ನಿಮಗೆ, ಕ್ಷಮಿಸಿ, ಮತ್ತೆ ನೌಕರಿ.

ಮಾರ್ಲಿಸ್ ಕೆಟುನೆನ್ ಬಂದದ್ದು ಒಂದು ಮಾರ್ಚಿಯಲ್ಲಿ,
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ನಿಯಮ? ‘ಪಾಲಿಸುತ್ತೇನೆ’ ಎಂದು ಬರೆದಳು.
ಸುಳ್ಳಲ್ಲ. ಹಳಿ ದಾಟುವ ಮುನ್ನ ಪ್ರತಿ ಸಲ ನಿಲ್ಲಿಸಿ,
ಹಿಮ ಸುರಿಯುತ್ತಿದ್ದರೂ ಬಾಗಿಲು ತೆರೆದು,
ಬಾರದ ರೈಲಿಗೂ ಕಿವಿಗೊಟ್ಟವಳು.
ಎಂಬತ್ತೇಳು ಅಂಕ! ಹಿಗ್ಗಿ ಹೀರೇಕಾಯಿಯಾದೆ.
ದೊಡ್ಡ ಕಂಪನಿಯ ಸ್ಯಾಂಡ್‌ವಿಚ್ ಅಂಗಡಿ ಕೊಡಿಸಿದೆ,
ಬಂದ ಕಮಿಷನ್ನಿನಲ್ಲಿ ಮನೆಗೆ ಹೊಸ ಬಾಯ್ಲರು ಹಾಕಿಸಿದೆ.

ಕಂಪನಿಯ ಕೈಪಿಡಿ ಆರುನೂರು ಪುಟ.
ಹುಳಿಸೌತೆ ನಾಲ್ಕೇ ಹೋಳು,
ಸಾಸಿವೆಯ ಎಳೆ ಬಲದಿಂದ ಎಡಕ್ಕೆ,
ಗಿರಾಕಿ ಒಳಬಂದ ಮೂರನೆಯ ಕ್ಷಣಕ್ಕೆ ನಗೆ.
ಮೊದಲ ಬೇಸಿಗೆ, ಹಿತ್ತಲ ಸಬ್ಬಸಿಗೆ ಕಿತ್ತು ತಂದಳು,
ಸುಮ್ಮನೆ ಒಂದೊಂದು ಎಳೆ. ಅದಿರು ಹಡಗಿನ ಹುಡುಗರು
ಬೆರಳು ನೆಕ್ಕಿದರು. ಕಂಪನಿಯಿಂದ ಪತ್ರ ಬಂತು.
ಎರಡನೆಯದಕ್ಕೆ ವಕೀಲನ ಸಹಿಯಿತ್ತು.
ಮಕ್ಕಳ ಪ್ರಾಣ ಕಾಯುವ ನಿಯಮ ಬೇರೆ,
ಸೌತೆಯ ಹೋಳು ಎಣಿಸುವ ನಿಯಮ ಬೇರೆ.
ನನ್ನ ಕಾಗದದಲ್ಲಿ ಎರಡಕ್ಕೂ ಒಂದೇ ಚೌಕ.

ಅವಳ ಮೈದುನ ಆರ್ವಿಡ್‌ನದು ಇನ್ನೊಂದು ಕತೆ.
ಸರೋವರದ ದಂಡೆಯಲ್ಲಿ ಸ್ವಂತ ಶೆಡ್ಡು, ದೋಣಿ ಎಂಜಿನ್ ರಿಪೇರಿ.
ಯಜಮಾನ ಅವನೇ, ಆಳೂ ಅವನೇ;
ಯಜಮಾನನಿಗೆ ಆಳನ್ನು ಕಂಡರೆ ಕನಿಕರ,
ಆಳಿಗೆ ಯಜಮಾನ ಯಾರೆಂದೇ ತಿಳಿಯದು.
ಸತ್ತ ಎಂಜಿನ್ನು ಬದುಕಿಸುತ್ತಾನೆ, ಬಿಲ್ಲು ಬರೆಯಲಾರ.
ಎಷ್ಟಾಯಿತು ಎಂದರೆ ಟೋಪಿ ತೆಗೆದು ಒಳಗೆ ನೋಡುತ್ತಾನೆ,
ಅಲ್ಲೆಲ್ಲೋ ಬರೆದಿದೆ ಎಂಬಂತೆ.
ಸ್ವಾತಂತ್ರ್ಯ ಅವನಿಗೆ ಅಣ್ಣನ ಅಂಗಿ,
ತೋಳು ಮಡಿಸುವುದರಲ್ಲೇ ಸುಸ್ತು.

ಇಬ್ಬರನ್ನೂ ಅದಲು ಬದಲು ಮಾಡಿದರೆ?
ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದೆ, ಬೆಳಗ್ಗೆ ಹರಿದು ಹಾಕಿದೆ.
ಮಾರ್ಲಿಸ್ ನನ್ನನ್ನು ಕೇಳಲೇ ಇಲ್ಲ.
ಹದಿನೆಂಟು ಸಾವಿರ ಡಾಲರು ಕಳೆದುಕೊಂಡು ಅಂಗಡಿ ಮಾರಿದಳು,
ಹಳೆಯ ಅಂಚೆ ವ್ಯಾನು ಕೊಂಡು ಸಾಣೆಕಲ್ಲು ಕೂರಿಸಿದಳು.
ಕಟುಕನ ಕತ್ತಿ, ದರ್ಜಿಯ ಕತ್ತರಿ, ಸ್ಕೇಟಿನ ಅಲಗು,
ದಿನಕ್ಕೊಂದು ದಾರಿ, ಮುಖಕ್ಕೊಂದು ದರ.
ಆರ್ವಿಡ್ ಈಗಲೂ ಶೆಡ್ಡಿನಲ್ಲೇ.
ಮಂಗಳವಾರ ರಾತ್ರಿ ಅವಳು ಹೋಗಿ ಬಿಲ್ಲು ಬರೆದುಕೊಡುತ್ತಾಳೆ,
ಅವನು ಗೊಣಗಿದ್ದರ ಒಂದೂವರೆ ಪಟ್ಟು.

ಕಳೆದ ವಾರ ನನ್ನ ಕತ್ತರಿ ಹರಿತ ಮಾಡಿಕೊಟ್ಟು,
ಮೆಟ್ಟಿಲ ಬಳಿ ನಿಂತು ಅಂದಳು:
‘ಒಂದು ಪ್ರಶ್ನೆ ಬಿಟ್ಟಿದ್ದೀ, ವೆಂಡೆಲ್.
ಮಧ್ಯಾಹ್ನ ಮೂರು ಗಂಟೆ. ಅಂಗಡಿಯಲ್ಲಿ ನರಪಿಳ್ಳೆಯಿಲ್ಲ.
ಆಗ ನಿನ್ನ ಕೈ ಏನು ಮಾಡುತ್ತಿರುತ್ತದೆ?’
ಅವಳದು ಬ್ರೆಡ್ಡಿನ ಚಾಕು ಮಸೆಯುತ್ತಿತ್ತಂತೆ,
ಆರುನೂರು ಪುಟಗಳಲ್ಲಿ ಎಲ್ಲೂ ಇಲ್ಲದ ಕೆಲಸ.

ತೊಂಬತ್ತರ ಕೆಳಗೆ ಕೈಯಾರೆ ಬರೆದುಕೊಂಡೆ.
ಹೀಟರು ಟಿಕ್ಕೆಂದಿತು. ಗಡಿಯಾರ ನೋಡಿದೆ: ಮೂರೂ ಐದು.
ಎದುರು ಕುರ್ಚಿ ಖಾಲಿ, ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು.
ನನ್ನ ಕೈಯೋ,
ಕಾಗದದ ಅಂಚಿನಲ್ಲಿ, ಯಾರೂ ಹೇಳದೆ,
ಮೇಲೆದ್ದ ಸೇತುವೆಯಡಿ ಹಾಯುವ ಹಡಗೊಂದನ್ನು ಬಿಡಿಸಿತ್ತು.
ಹೊಗೆಯನ್ನೂ ಹಾಕಿತ್ತು.